ತಳ ಕಳಚಿದ ಹೂಜಿಗಳು

ಆ ಮನೆಯಲ್ಲಿ ಬೆಂಕಿ ಆರಿದ್ದನ್ನು ಕಿಡಿ ಎಂಬ ಮೊಮ್ಮಗಳು ತಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹಿತ್ತಲಿನ ಷೆಡ್ಡಿನಲ್ಲಿ ಕುಲುಮೆ, ಕುಲುಮೆಯೊಳಗೆ ಮೂಸೆ, ಮೂಸೆಯೊಳಗೆ ಜೇನಿನ ಹಾಗೆ ಕರಗಿ ಕೂತ ಗಾಜು. ಮನೆಯವರು ಉಂಡರೂ ಜಗಳವಾಡಿದರೂ ಮಲಗಿದರೂ ಹಿಂದಿನ ಗೋಡೆಯಾಚೆಯಿಂದ ಅದರ ಉಸಿರು ಗುಂಯ್ ಎಂದು ಕೇಳುತ್ತಲೇ ಇರಬೇಕು. ಒಮ್ಮೆ ಆರಿಸಿದರೆ ಮೂಸೆ ಸೀಳಿಹೋಗುತ್ತದೆ. ಹೊಸ ಮೂಸೆ ಕೂರಿಸುವ ಶಕ್ತಿ ಆ ಮನೆಗಿರಲಿಲ್ಲ. ಅದಕ್ಕೇ ಅತ್ತೆ, ಕಿಡಿಯ ಅಜ್ಜಿ, ಕುಲುಮೆಯನ್ನು ದೊಡ್ಡ ಮಗು ಎನ್ನುತ್ತಿದ್ದರು. "ಎಲ್ರಿಗಿಂತ ಮೊದ್ಲು ಅದಕ್ಕೆ ತಿನ್ನಿಸ್ಬೇಕು. ಉಳಿದ್ರೆ ನಾವು."

ಮಾವ ಆ ಮಗುವಿನ ಮುಂದೆ ನಿಂತು ನಿಂತೇ ಮುದುಕರಾದವರು. ಅವರ ಎದೆಯಲ್ಲಿ ಈಗ ಊದುವಷ್ಟು ಗಾಳಿ ಉಳಿದಿರಲಿಲ್ಲ. ಊದುಗೊಳವೆ ಮಗನ ಕೈಗೆ ಬಂದಿತ್ತು. ಮಾವ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, "ತಿರುಗ್ಸು, ತಿರುಗ್ಸು, ನಿದ್ದೆ ಮಾಡ್ಬೇಡ" ಎನ್ನುತ್ತಿದ್ದರು. ಊದಿದ ಗಾಜನ್ನು ನೇರ ಗಾಳಿಗೆ ತರುವಂತಿಲ್ಲ. ಬದಿಯ ತಣಿಗೂಡಿನಲ್ಲಿಟ್ಟು ಶಾಖವನ್ನು ಇಷ್ಟಿಷ್ಟೇ ಇಳಿಸುತ್ತ, ಅದು ತನ್ನ ಬಿಸಿಯನ್ನು ತಾನೇ ಮರೆಯುವವರೆಗೆ ಕಾಯಬೇಕು. ಹಾಗೆ ತಣಿದು ಬಂದದ್ದನ್ನು ಸೊಸೆ, ಕಿಡಿಯ ಅಮ್ಮ, ಮುಂದಿನ ಕೋಣೆಯಲ್ಲಿ ಪೆಟ್ಟಿಗೆಗೆ ತುಂಬುತ್ತಿದ್ದಳು.

ತುಂಬುವುದನ್ನು ಅವಳಿಗೆ ಯಾರೂ ಕೂತು ಕಲಿಸಿದ್ದಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಒಂದು ಹೊರೆ ಒಣಹುಲ್ಲು ತೋರಿಸಿ "ಇದ್ರಲ್ಲಿ ಸುತ್ತಿಡು" ಎಂದಿದ್ದರು, ಅಷ್ಟೆ. ಒಂದೊಂದು ಸಾಮಾನಿಗೂ ಕಾಗದದ ಅಂಗಿ, ಅದರ ಮೇಲೆ ಹುಲ್ಲಿನ ಕಂಬಳಿ, ನಡುನಡುವೆ ರಟ್ಟಿನ ಗೋಡೆ. ಮುಚ್ಚಳಕ್ಕೆ ಮೊಳೆ ಹೊಡೆಯುವ ಮೊದಲು ಪೆಟ್ಟಿಗೆಯನ್ನು ಎಲ್ಲ ಮಗ್ಗುಲಿಗೂ ವಾಲಿಸಿ ಕಿವಿಯಿಡುವಳು. ಒಳಗೆ ಒಂದು ಪಿಸುಮಾತು ಕೇಳಿದರೂ ಸರಿ, ಎಲ್ಲ ತೆಗೆದು ಮೊದಲಿಂದ ಶುರು. ಬೀದಿಯ ಕನ್ನಡಿಯವನು, ಗಡಿಯಾರದವನು, ಪಿಂಗಾಣಿಗೆ ಬಣ್ಣ ಬಳಿಯುವಾಕೆ, ಎಲ್ಲರೂ ತಮ್ಮ ಸಾಮಾನನ್ನು ಅವಳ ಹತ್ತಿರವೇ ತರುತ್ತಿದ್ದರು. ಲಾರಿ ಆಫೀಸಿನಲ್ಲಿ ಅವಳ ಹೆಸರು ಪ್ಯಾಕರ್ ಎಂದು ದಾಖಲಾಗಿತ್ತು. ಅವಳ ಎಲೆ ಗುರುತಿನ ರಬ್ಬರ್ ಮುದ್ರೆ ಬಿದ್ದ ಪೆಟ್ಟಿಗೆಯನ್ನು ಅಲ್ಲಿ ಬಿಚ್ಚಿ ನೋಡದೆ ವಿಮೆಗೆ ತೆಗೆದುಕೊಳ್ಳುತ್ತಿದ್ದರು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ಮುದ್ರೆ ಒಂದೇ. ಕಿಡಿಯ ಶಾಲೆಯ ಫೀಸು ಅದರಿಂದಲೇ ಹುಟ್ಟುತ್ತಿತ್ತು.

ಹೊಸದಾಗಿ ತೆರೆಯಲಿದ್ದ ಒಂದು ಹೋಟೆಲಿನವರು ದಪ್ಪ ತಳದ ನೀರಿನ ಹೂಜಿಗಳನ್ನು ಕೇಳಿದ್ದರು. ಅಂಥ ದೊಡ್ಡ ಆರ್ಡರು ಬಂದು ಯಾವ ಕಾಲವಾಗಿತ್ತೋ. ಮಾಲೆಲ್ಲ ತಣಿಗೂಡಿನಲ್ಲಿರುವಾಗ ಹೋಟೆಲಿನಿಂದ ಫೋನು ಬಂತು. ಉದ್ಘಾಟನೆಯನ್ನು ಮೊದಲೇ ಇಟ್ಟುಕೊಂಡಿದ್ದೇವೆ, ಲಾರಿ ನಾಳೆ ಬೆಳಿಗ್ಗೆಯೇ ಬರುತ್ತದೆ ಎಂದರು.

ಬೆಳಿಗ್ಗೆ ಗಂಡ ಹೂಜಿಗಳನ್ನು ತಂದು ತಂದು ಮೇಜಿನ ಮೇಲಿಟ್ಟ. ಅವಳು ಒಂದನ್ನು ಕೈಗೆತ್ತಿಕೊಂಡಳು.

"ಇನ್ನೂ ಬೆಚ್ಚಗಿದೆಯಲ್ರೀ?"

"ಕುಲುಮೆ ಹತ್ರ ಇಟ್ಟಿದ್ದೆ, ಅದಕ್ಕೆ. ನೀನು ಬೇಗ ಬೇಗ ತುಂಬು, ಲಾರಿಯವನು ಆಗ್ಲೇ ಹಾರ್ನ್ ಹೊಡೀತಿದ್ದಾನೆ."

ಅವಳು ತುಂಬಿದಳು. ಅವಸರವಿದ್ದರೂ ಕಿವಿಯಿಡುವುದನ್ನು ಬಿಡಲಿಲ್ಲ. ಲಾರಿಯವನ ಹಾರ್ನಿಗೆ ಕಿಟಕಿ ಮುಚ್ಚಿ ಬಂದು ಕಿವಿಯಿಟ್ಟಳು. ಒಂದು ಹೂಜಿಯ ಬಾಯಿ ಸ್ವಲ್ಪ ಸೊಟ್ಟಗಿತ್ತು. "ನನ್ನ ತಂಗಿ ಬಾಯಿ ಇದ್ದಂಗಿದೆ, ನಮ್ಮನೆಗೇ ಇರ್ಲಿ" ಎಂದು ಅತ್ತೆ ಅದನ್ನು ಅಡಿಗೆಮನೆಗೆ ಒಯ್ದರು.

ವಾರ ತುಂಬುವ ಮೊದಲು ಪೆಟ್ಟಿಗೆಗಳು ವಾಪಸು ಬಂದವು. ಹೋಟೆಲಿನವರು ಮುಚ್ಚಳ ತೆಗೆದು ನೋಡಿ, ಹಾಗೆಯೇ ಮುಚ್ಚಿ ಕಳಿಸಿದ್ದರು. ಒಳಗಿದ್ದ ಹೂಜಿಗಳೆಲ್ಲ ಒಡೆದಿದ್ದವು.

"ಲಾರಿಯವ್ರು ಎತ್ತಿ ಬಿಸಾಕಿದ್ದಾರೆ, ಇನ್ನೇನು," ಎಂದರು ಅತ್ತೆ. "ಅವ್ರಿಗೆ ಗಾಜೂ ಒಂದೇ, ಗೊಬ್ಬರಾನೂ ಒಂದೇ."

ಗಂಡ ವಿಮೆ ಕಂಪನಿಗೆ ಫೋನು ಮಾಡಿದ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ್ದ. ಆ ಕಡೆಯ ಹೆಂಗಸು ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು: "ಒಡೆದಿದ್ದನ್ನ ಯಾರೂ ಮುಟ್ಬೇಡಿ. ಒಂದು ಚೂರೂ ಆಚೆ ಈಚೆ ಆಗ್ಬಾರ್ದು. ಸರ್ವೇಯರ್ ಬಂದು ನೋಡ್ತಾರೆ. ಪುರಾವೆ ಅಂದ್ರೆ ಅದೇ."

ಆ ಹೆಂಗಸು ಹೇಳುತ್ತಿರುವಾಗ ಮಾವ ಒಂದು ಪೆಟ್ಟಿಗೆಯ ಮುಚ್ಚಳ ಎತ್ತಿದರು. ಒಂದು ಹೂಜಿಯ ತಳವನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ಮತ್ತೆ ಅದೇ ಜಾಗದಲ್ಲಿಟ್ಟು ಮುಚ್ಚಳ ಹಾಕಿದರು.

ಮರುದಿನ ಬೆಳಿಗ್ಗೆ ಸೊಸೆ ಕೋಣೆ ಗುಡಿಸಲು ಬಂದಾಗ ಪೆಟ್ಟಿಗೆಗಳು ಖಾಲಿಯಾಗಿದ್ದವು. ಹುಲ್ಲನ್ನು ಬೇರೆಯಾಗಿ ಒಟ್ಟಿಡಲಾಗಿತ್ತು. ಅವಳು ಷೆಡ್ಡಿಗೆ ಓಡಿದಳು.

"ಮಾವ, ಪೆಟ್ಟಿಗೇಲಿದ್ದ ಒಡಕು?"

"ಹಾಕ್ದೆ."

"ಎಲ್ಲಿಗೆ?"

ಅವರು ಗದ್ದದಿಂದ ಮೂಸೆಯ ಕಡೆ ತೋರಿಸಿದರು. ಕೊನೆಯ ಚೂರುಗಳು ಅಂಚು ಕಳೆದುಕೊಂಡು ಕೆಂಪಿನೊಳಗೆ ಮುಳುಗುತ್ತಿದ್ದವು.

ಗಂಡ ಎದ್ದು ಬಂದವನು ತಲೆಯ ಮೇಲೆ ಕೈ ಹೊತ್ತುಕೊಂಡ. "ಅಪ್ಪಾ! ಮುಟ್ಬೇಡಿ ಅಂತ ಹೇಳಿದ್ರಲ್ಲ! ನೀವೂ ಕೇಳಿಸ್ಕೊಂಡ್ರಲ್ಲ!"

"ಕೈ ತಡೀಲಿಲ್ಲ ಕಣೋ. ಬುದ್ಧಿ ಬಂದಾಗಿಂದ ಒಡಕು ಕಂಡ್ರೆ ಮೂಸೆಗೆ ಹಾಕಿದ ಕೈ. ಬೆಳಿಗ್ಗೆ ಎದ್ದೆ, ಹಾಕ್ದೆ. ಆಮೇಲೆ ನೆನಪಾಯ್ತು."

ಯಾರಿಗೂ ಅನುಮಾನ ಬರಲಿಲ್ಲ. ಆ ಮನೆಯಲ್ಲಿ ಒಡೆದ ಲೋಟ, ಸೀಸೆ, ಕಿಟಕಿಯ ಗಾಜು ಯಾವುದೂ ಕಸದ ಬುಟ್ಟಿ ಕಂಡದ್ದಿಲ್ಲ. ಒಮ್ಮೆ ಅತ್ತೆಯ ಕನ್ನಡಕದ ಒಡೆದ ಗಾಜನ್ನೂ ಅಲ್ಲಿಗೇ ಹಾಕಿ, "ಇನ್ನು ಕುಲುಮೆಗೆ ಚೆನ್ನಾಗಿ ಕಾಣ್ಸುತ್ತೆ" ಎಂದಿದ್ದರು ಮಾವ. ಅತ್ತೆ ಅದನ್ನು ಈಗಲೂ ನೆಂಟರಿಗೆ ಹೇಳಿ ನಗುತ್ತಿದ್ದರು. ಇವತ್ತು ಮಾತ್ರ ನಗಲಿಲ್ಲ. "ಮನೆಗೆ ಬರ್ಬೇಕಾದ ದುಡ್ಡನ್ನ ಕುದಿಸಿ ಕೂತಿದ್ದೀರಲ್ಲಾ" ಎಂದು ಹೇಳಿ ಬ್ರೆಡ್ಡಿಗೆ ಬೆಣ್ಣೆ ಹಚ್ಚದೆಯೇ ಎಲ್ಲರ ತಟ್ಟೆಗೆ ಹಾಕಿದರು.

ಸರ್ವೇಯರ್ ಬಂದ. ಉದ್ದನೆಯ, ಬಾಗಿದ ಬೆನ್ನಿನ ಮನುಷ್ಯ. ಕೊರಳಿಗೆ ದಾರ ಕಟ್ಟಿ ಒಂದು ಟಾರ್ಚು ತೂಗುಹಾಕಿಕೊಂಡಿದ್ದ.

"ಒಡೆದ ಮಾಲೆಲ್ಲಿ?"

"ಅಲ್ಲಿ ಕುದೀತಿದೆ, ಬೇಕಿದ್ರೆ ಸೌಟಲ್ಲಿ ತೆಗೆದು ತೋರಿಸ್ತೀವಿ," ಎಂದರು ಅತ್ತೆ.

ಗಂಡ ಅಪ್ಪನ ಕೈಚಟದ ಕಥೆ ಹೇಳಿದ. ಸರ್ವೇಯರ್ ಮಾವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಖಾಲಿ ಪೆಟ್ಟಿಗೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಮೂಲೆಗಳಿಗೆ ಟಾರ್ಚು ಹಿಡಿದ. ಹಲಗೆಗಳ ಮೇಲೆ ಬೆರಳಾಡಿಸಿದ.

"ಪೆಟ್ಟಿಗೆಗೆ ಏಟು ಬಿದ್ದ ಗುರುತೇ ಇಲ್ವಲ್ಲ. ಮೂಲೆ ಜಜ್ಜಿಲ್ಲ, ಹಲಗೆ ಸೀಳಿಲ್ಲ, ನೆನೆದಿಲ್ಲ. ಲಾರಿಯವ್ರ ಮೇಲೆ ಹಾಕೋಕಾಗಲ್ಲ. ಅಂದ್ರೆ ಒಳಗೇ ಏನೋ ಆಗಿದೆ. ಒಂದೋ ಮಾಲೇ ಸರಿಯಿಲ್ಲ..."

"ಮಾಲು ಸರಿಯಿದೆ," ಎಂದರು ಮಾವ ತಟ್ಟನೆ.

"ಇಲ್ಲಾ ತುಂಬಿದ್ದು ಸರಿಯಿಲ್ಲ. ತುಂಬಿದ್ದು ಯಾರು?"

ಎಲ್ಲರ ಕಣ್ಣೂ ಒಟ್ಟಿಗೆ ಸೊಸೆಯ ಕಡೆ ತಿರುಗಿದವು.

"ನಾನು ಸರ್. ಎಲ್ಲಾ ಪೆಟ್ಟಿಗೇನೂ ವಾಲಿಸಿ ನೋಡಿದ್ದೀನಿ. ಒಂದೂ ಅಲ್ಲಾಡ್ತಿರ್ಲಿಲ್ಲ."

"ನೀವು ನೋಡಿದ್ದನ್ನ ನಾನು ನೋಡೋಕೆ ಈಗೇನೂ ಉಳಿದಿಲ್ವಲ್ಲಮ್ಮ," ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. ಟಾರ್ಚು ಆರಿಸಿ ಎದ್ದು ಹೋದ.

ಅಂದಿನಿಂದ ಮನೆಯ ಮಾತಿಗೆ ಒಂದು ಮುಳ್ಳು ಮೂಡಿತು. ಅತ್ತೆ ಪಾತ್ರೆಗಳ ಜೊತೆ ಮಾತಾಡತೊಡಗಿದರು. "ಬೀದಿಯವ್ರ ಕನ್ನಡಿಗೆ ಇರೋ ಹುಲ್ಲು ನಮ್ಮನೆ ಹೂಜಿಗಿಲ್ಲ," ಎಂದು ಬಾಣಲೆಗೆ ಹೇಳುವರು. "ಗಡಿಯಾರದವ್ನಿಗೆ ಎರಡು ಪದರ ರಟ್ಟು," ಎಂದು ಕೆಟಲಿಗೆ. ಸೊಸೆ ಕೇಳಿಸಿಕೊಂಡು ಆಲೂಗಡ್ಡೆ ಸುಲಿಯುವಳು. ಒಮ್ಮೆ, "ಅತ್ತೆ, ಏನಿದ್ರೂ ನನಗೇ ಹೇಳಿ, ಕೆಟಲಿಗೆ ಕಿವಿ ಇಲ್ಲ," ಎಂದಳು.

"ಕೈಯಾದ್ರೂ ಇದೆಯಲ್ಲ, ಸಾಮಾನು ಬೀಳಿಸಲ್ಲ," ಎಂದರು ಅತ್ತೆ.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಅನ್ನ, ಬೇಯಿಸಿದ ಬೇಳೆ, ಹುರಿದ ಆಲೂಗಡ್ಡೆ. ಸೊಟ್ಟ ಬಾಯಿಯ ಹೂಜಿ ತುಂಬ ನೀರು ಹೊತ್ತು ಮೇಜಿನ ನಡುವೆ ನಿಂತಿತ್ತು. ಕಿಡಿ ಶಾಲೆಯಲ್ಲಿ ಯಾರೋ ಮೇಷ್ಟ್ರ ಕೊಡೆಯೊಳಗೆ ಸೀಮೆಸುಣ್ಣದ ಪುಡಿ ತುಂಬಿಸಿದ ಸುದ್ದಿ ಹೇಳುತ್ತಿದ್ದಳು. ಆಗ ಯಾರೋ ಬೆರಳು ನೆಟಿಗೆ ಮುರಿದಂತೆ ಒಂದು ಸದ್ದಾಯಿತು. ಹೂಜಿಯ ಸುತ್ತ ನೀರು ಹರಡಿ, ಮೇಜಿನ ಅಂಚಿಗೆ ಬಂದು, ಮಾವನ ತೊಡೆಯ ಮೇಲೆ ಸುರಿಯಿತು.

"ನಾನ್ ಮುಟ್ಟೇ ಇಲ್ಲ!" ಎಂದು ಕಿರುಚಿದಳು ಕಿಡಿ.

ನಿಜವಾಗಿ ಯಾರೂ ಮುಟ್ಟಿರಲಿಲ್ಲ. ಗಂಡ ಹಿಡಿ ಹಿಡಿದು ಎತ್ತಿದ. ಮೇಲಿನ ಭಾಗ ಮಾತ್ರ ಅವನ ಕೈಯಲ್ಲಿ ಬಂತು. ತಳ ದುಂಡಗೆ, ಕತ್ತರಿಸಿಟ್ಟ ಹಾಗೆ, ಮೇಜಿನ ಮೇಲೆಯೇ ಕೂತಿತ್ತು. ಮಾವ ಮಗನನ್ನು ನೋಡಿದರು. ಮಗ ಅನ್ನ ನೋಡಿದ. ಆಮೇಲೆ ಮಾವನ ಕೈ, ತೊಡೆ ನೆನೆದದ್ದನ್ನೂ ಮರೆತು, ಆ ತಳದ ಕಡೆ ಚಾಚಿತು.

ಸೊಸೆ ತನ್ನ ಅಂಗೈಯನ್ನು ಅದರ ಮೇಲಿಟ್ಟಳು. "ಇದನ್ನ ಬಿಡಿ ಮಾವ."

ಕಿಡಿಯ ಕೈಗೆ ಚಿಲ್ಲರೆ ಕೊಟ್ಟು ಸೋಪು ತರಲು ಅಂಗಡಿಗೆ ಕಳಿಸಿದಳು. ಬಾಗಿಲು ಹಾಕಿಕೊಂಡ ಸದ್ದು ಕೇಳುವವರೆಗೆ ಕಾದಳು.

"ತಣಿಗೂಡು ಯಾವಾಗ ತೆಗೆದ್ರಿ?"

"ಲಾರಿ ಬರ್ತಿತ್ತಲ್ಲೇ," ಎಂದ ಗಂಡ.

"ನಾನ್ ಕೇಳಿದ್ದು ಅದಲ್ಲ."

"ಅರ್ಧಕ್ಕೇ ತೆಗೆದೆ. ಏನ್ಮಾಡ್ಲಿ? ಮೇಲೆ ನೋಡಿದ್ರೆ ಸರಿಯಾಗೇ ಇತ್ತು. ಎಷ್ಟೋ ಸಲ ಏನೂ ಆಗಲ್ಲ."

ಅವಳು ಮಾವನ ಕಡೆ ತಿರುಗಿದಳು. "ನಿಮಗೆ ಅವತ್ತೇ ಗೊತ್ತಾಗಿತ್ತು. ಬೆಳಕಿಗೆ ಹಿಡಿದು ನೋಡಿದ್ರಿ."

ಮಾವ ಒದ್ದೆ ಬಟ್ಟೆಯನ್ನು ತೊಡೆಯಿಂದ ಬಿಡಿಸಿಕೊಂಡರು. "ಏಟು ತಿಂದ ಗಾಜು ಏಟು ಬಿದ್ದ ಕಡೆಯಿಂದ ಜೇಡರ ಬಲೆ ಹಾಗೆ ಬಿರಿಯುತ್ತಮ್ಮ. ಇವೆಲ್ಲ ತಳ ಕಳಚಿದ್ವು. ಸರಿಯಾಗಿ ತಣೀದೆ ಇದ್ರೆ ಹಾಗೇ."

"ಅದಕ್ಕೇ ಕರಗಿಸಿದ್ರಿ. ಕೈಚಟ ಅಲ್ಲ."

"ಸರ್ವೇಯರ್ ಕಣ್ಣಿಗೆ ಬಿದ್ದಿದ್ರೆ ಮುಗೀತಿತ್ತು. ಒಂದು ಕಾಸೂ ಹುಟ್ತಿರ್ಲಿಲ್ಲ. ನೋಡು, ತುಂಬಿದ್ದು ತಪ್ಪು ಅಂದ್ರೆ ಹೋಟೆಲಿನವ್ರು, ಇನ್ನೊಂದ್ಸಲ ಚೆನ್ನಾಗಿ ತುಂಬಿ ಕಳ್ಸಿ ಅಂತಾರೆ. ಗಾಜೇ ತಪ್ಪು ಅಂದ್ರೆ ಇನ್ನೊಬ್ಬರ ಕುಲುಮೆಗೆ ಹೋಗ್ತಾರೆ. ಆಮೇಲೆ ಇವನನ್ನ ಯಾರು ಊದು ಅಂತಾರೆ?"

"ನನ್ನನ್ನ ಯಾರು ತುಂಬು ಅಂತಾರೆ?"

ಅತ್ತೆ ಮೇಜಿನ ನೀರನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಅವರಿಗೂ ಗೊತ್ತಿತ್ತೆಂದು ಆ ಒರೆಸುವ ರೀತಿಯಲ್ಲೇ ತಿಳಿಯುತ್ತಿತ್ತು. ತಲೆ ಎತ್ತಲೇ ಇಲ್ಲ. "ನಿಂದು ನಮ್ಮದು ಬೇರೆ ಬೇರೆನಾ? ಒಂದೇ ಮನೆ ಅಲ್ವಾ?"

"ಒಂದೇ ಮನೆ ಆಗಿದ್ರೆ ನನಗೂ ಮೊದ್ಲೇ ಹೇಳ್ತಿದ್ರಿ ಅತ್ತೆ. ಇಷ್ಟು ದಿನ ಬಾಣಲೆಗೆ ಹೇಳ್ತಿರ್ಲಿಲ್ಲ."

ಅತ್ತೆ ಬಟ್ಟೆ ಹಿಂಡಿದರು. ಆ ಊಟವನ್ನು ಯಾರೂ ಪೂರ್ತಿ ಮಾಡಲಿಲ್ಲ. ಕಿಡಿ ಸೋಪು ತಂದಳು. ಅದು ಬಟ್ಟೆ ಸೋಪಲ್ಲ, ಮೈ ಸೋಪು ಎಂದು ಅಜ್ಜಿಯಿಂದ ಬೈಸಿಕೊಂಡಳು.

ಸರ್ವೇಯರ್ ಎರಡನೇ ಸಲ ಬಂದದ್ದು ಒಂದು ರಾಜಿಯ ಮಾತಿನೊಂದಿಗೆ. ವಿಮೆ ಇರುವುದು ಮಾವನ ಹೆಸರಿನಲ್ಲಿ, ಪ್ಯಾಕರ್ ಆಗಿ ದಾಖಲಾದವಳು ಸೊಸೆ. ಕಂಪನಿಯ ಲೆಕ್ಕದಲ್ಲಿ ಇಬ್ಬರೂ ಬೇರೆ ಬೇರೆ. ತುಂಬಿದ್ದರಲ್ಲಿ ನನ್ನದೇ ತಪ್ಪಾಯಿತು ಎಂದು ಪ್ಯಾಕರ್ ಬರೆದುಕೊಟ್ಟು ತನ್ನ ಮುದ್ರೆ ಹಾಕಿದರೆ ಮಾವನಿಗೆ ಅರ್ಧ ಹಣ. ಇಲ್ಲವಾದರೆ ಮಾಲಿನದೇ ದೋಷವೆಂದು ಬರೆದು ಮುಚ್ಚುತ್ತಾರೆ, ಏನೂ ಇಲ್ಲ.

"ಬರೆದುಕೊಟ್ಟ ಮೇಲೆ ನನ್ನ ಮುದ್ರೆ?" ಎಂದು ಕೇಳಿದಳು ಸೊಸೆ.

"ಅದು ರದ್ದಾಗುತ್ತಮ್ಮ. ನೀವು ತುಂಬಿದ್ದಕ್ಕೆ ಯಾರೂ ವಿಮೆ ಕೊಡಲ್ಲ. ನಿಮ್ಮ ಮಾಲಿಗೆ ಪ್ಯಾಕಿಂಗ್ ಏಜೆನ್ಸಿಯವ್ರೇ ಬರ್ತಾರೆ." ಅವನು ಕಾಗದವನ್ನು ಮೇಜಿನ ಮೇಲಿಟ್ಟ. "ಯೋಚ್ನೆ ಮಾಡಿ. ಈ ತಿಂಗಳ ಕೊನೆವರೆಗೂ ಟೈಮಿದೆ."

ತಳ ಕಳಚಿದ ಮನೆಯ ಹೂಜಿಯನ್ನು ಸೊಸೆ ಅವನಿಗೆ ತೋರಿಸಲಿಲ್ಲ, ತೋರಿಸಿದ್ದರೆ ಕುಲುಮೆಯ ಹೆಸರೇ ಹೋಗುತ್ತಿತ್ತು. ಅವನು ಹೋದ ಮೇಲೆ ಆ ಕಾಗದ ಸಕ್ಕರೆ ಡಬ್ಬಿಯ ಕೆಳಗೆ ಕೂತಿತು. ಚಹಾ ಮಾಡುವಾಗಲೆಲ್ಲ ಯಾರಾದರೊಬ್ಬರು ಡಬ್ಬಿ ಎತ್ತಬೇಕು. ಎತ್ತಿದಾಗಲೆಲ್ಲ ಮಾತು ಏಳಬೇಕು.

"ಒಂದು ಸಹಿ," ಎನ್ನುವನು ಗಂಡ. "ಒಂದೇ ಒಂದು ಸಹಿ ಕಣೇ. ನೀನೇನು ಜೈಲಿಗೆ ಹೋಗ್ತೀಯಾ?"

"ಹಾಗಾದ್ರೆ ನೀವೇ ಬರೆದುಕೊಡಿ. ಗೂಡು ಅರ್ಧಕ್ಕೆ ತೆಗೆದೆ ಅಂತ."

"ಬರೆದ್ರೆ ಏನೂ ಬರಲ್ಲ ಅಂತ ಅವನೇ ಹೇಳಿದ್ನಲ್ಲ! ಸುಮ್ನೆ ಹಟಕ್ಕೆ ಮಾತಾಡ್ಬೇಡ."

"ಹಟ ಅಲ್ಲ ರೀ. ಕನ್ನಡಿಯವನ ಮುಂದೆ ನಿಂತ್ಕೊಂಡು ಏನಂತ ಹೇಳ್ಲಿ? ನನಗೆ ತುಂಬೋಕೆ ಬರಲ್ಲ ಅಂತಾನಾ?"

"ಕನ್ನಡಿಯವನಿಗೋಸ್ಕರ ಕುಲುಮೆ ಆರಿಸ್ತೀಯಾ?"

ಕುಲುಮೆಗೆ ಗ್ಯಾಸು ತರುವವನು ಬಾಗಿಲಿಗೆ ಬಂದು, ಹಳೆಯ ಬಾಕಿ ಕೊಡದೆ ಹೊಸ ಸಿಲಿಂಡರ್ ಇಳಿಸುವುದಿಲ್ಲ ಎಂದು ಹೇಳಿ ಹೋಗಿದ್ದ. ಮೊಟ್ಟೆ ನಿಂತಿತು. ಬೆಣ್ಣೆ ನಿಂತಿತು. ಆಮೇಲೆ ಮಾವನ ಎದೆಯ ಔಷಧಿಯೂ ನಿಂತಿತು, ಅವರೇ, "ಊದೋ ಕೆಲ್ಸ ಇಲ್ಲ, ಗಾಳಿ ಯಾಕೆ?" ಎಂದು ಬೇಡವೆಂದರು. ಕೆಮ್ಮು ಬಂದಾಗ ಎದ್ದು ಷೆಡ್ಡಿಗೆ ಹೋಗುವರು. ಗಂಡನೂ ಹಾಸಿಗೆಯನ್ನು ಅಲ್ಲಿಗೇ ಸಾಗಿಸಿದ. ಕಿಡಿ ಅಪ್ಪ ಅಮ್ಮನ ನಡುವೆ ಅಂಚೆಯವಳಾದಳು.

"ಅಮ್ಮಾ, ಅಪ್ಪ ಕೇಳ್ತಿದ್ದಾರೆ, ಟವೆಲ್ ಎಲ್ಲಿದೆ ಅಂತ."

"ತಂತಿ ಮೇಲಿದೆ ಅಂತ ಹೇಳು."

"ಅಪ್ಪಾ, ತಂತಿ ಮೇಲಿದೆಯಂತೆ! ಅಮ್ಮಾ, ನೀವಿಬ್ರೂ ಯಾಕೆ ಮಾತಾಡಲ್ಲ?"

"ಗಂಟಲು ನೋವು."

"ಇಬ್ರಿಗೂನಾ?"

ಗ್ಯಾಸು ತೀರಾ ತಳಕ್ಕೆ ಬಂದಾಗ ಸೊಸೆ ತಾನು ಕಿಡಿಯ ಫೀಸಿಗೆಂದು ಎತ್ತಿಟ್ಟದ್ದನ್ನು ತಂದು ಅತ್ತೆಯ ಕೈಗಿಟ್ಟಳು. ಒಂದು ಸಿಲಿಂಡರ್ ಬಂತು. ಗೋಡೆಯಾಚೆಯ ಉಸಿರು ಮತ್ತೆ ಗಟ್ಟಿಯಾಯಿತು. ಅತ್ತೆ ಅಂದು ಸೊಸೆಯ ತಲೆಗೆ ತಾವೇ ಎಣ್ಣೆ ಹಚ್ಚಿದರು. ಹಚ್ಚುತ್ತಾ ಮೆಲ್ಲಗೆ ಕೇಳಿದರು: "ಇಷ್ಟೆಲ್ಲಾ ಮಾಡ್ತೀಯ. ಅದೊಂದು ಮಾಡಿದ್ರೆ ಏನಮ್ಮ?"

"ಇನ್ನೂ ನಾಲ್ಕು ಜನರದ್ದು ತುಂಬಿಕೊಟ್ಟು ಗ್ಯಾಸಿಗೆ ನಾನೇ ಕೊಡ್ತೀನಿ ಅತ್ತೆ. ಮುದ್ರೆ ಹೋದ್ರೆ ಅದೂ ಇಲ್ಲ."

ಅತ್ತೆಯ ಬೆರಳುಗಳು ಒಂದು ಗಳಿಗೆ ನಿಂತು ಮತ್ತೆ ಓಡಾಡಿದವು.

ತಿಂಗಳು ಮುಗಿಯಿತು. ಹೊಸ ತಿಂಗಳ ಮೊದಲ ವಾರದಲ್ಲಿ ಗ್ಯಾಸಿನ ಗಾಡಿ ಬಾಗಿಲಿಗೇ ಬಂದು ಸಾಲು ಸಿಲಿಂಡರ್ ಇಳಿಸಿತು. "ಸಾಲಕ್ಕೆ ಕೊಟ್ಟ, ಒಳ್ಳೆ ಮನುಷ್ಯ," ಎಂದ ಗಂಡ. ಅವನ ಹಾಸಿಗೆ ಒಳಗೆ ಬಂತು. ಮಾವನ ಔಷಧಿ ಬಂತು. ಸಕ್ಕರೆ ಡಬ್ಬಿಯ ಕೆಳಗೆ ಕಾಗದ ಕಾಣಲಿಲ್ಲ. ಅವಧಿ ಮುಗಿಯಿತಲ್ಲ, ಬಿಸಾಕಿರಬೇಕು ಎಂದುಕೊಂಡಳು ಸೊಸೆ.

ಅವಳು ಕನ್ನಡಿಯವನ ಆಳೆತ್ತರದ ಕನ್ನಡಿಗೆ ಕಾಗದ ಸುತ್ತುತ್ತಿದ್ದಳು. ಅವನೇ ಬಾಗಿಲಲ್ಲಿ ಬಂದು ನಿಂತ. ಒಳಗೆ ಬರಲಿಲ್ಲ.

"ಅಮ್ಮಾ, ಕನ್ನಡಿ ವಾಪಸ್ ತಗೊಂಡ್ ಹೋಗ್ತೀನಿ."

"ಇನ್ನೂ ಅರ್ಧಾನೇ ಸುತ್ತಿದ್ದೀನಿ ಕಣಣ್ಣಾ. ನಾಳೆ ಅಂದಿದ್ಯಲ್ಲ?"

"ಲಾರಿ ಆಫೀಸಲ್ಲಿ ಎಲೆ ಗುರುತು ಇನ್ಮೇಲೆ ನಡೆಯಲ್ಲ ಅಂದ್ರು." ಅವನು ಚಪ್ಪಲಿಯ ತುದಿ ನೋಡುತ್ತ ಹೇಳಿದ. "ನೀವೇ ಬರೆದುಕೊಟ್ರಂತೆ. ತುಂಬೋದ್ರಲ್ಲಿ ತಪ್ಪಾಯ್ತು ಅಂತ. ನನಗೆ ಮೊದ್ಲೇ ಒಂದು ಮಾತು ಹೇಳಿದ್ರೆ ಆಗ್ತಿತ್ತು ಅಮ್ಮಾ. ಇಷ್ಟು ವರ್ಷದ ವ್ಯವಹಾರ."

ಅವನು ಈಗ ಒಳಗೆ ಬಂದು ಕನ್ನಡಿಯನ್ನು ಅಪ್ಪಿಕೊಂಡು ಎತ್ತಿದ. ಸುತ್ತದೆ ಉಳಿದ ಅರ್ಧದಲ್ಲಿ ಅವಳ ಕೋಣೆ, ಹುಲ್ಲಿನ ಹೊರೆ, ಬಾಗಿಲಲ್ಲಿ ನಿಂತ ಅವಳು, ಎಲ್ಲವೂ ತೂಗಾಡುತ್ತ ತೂಗಾಡುತ್ತ ಬೀದಿ ದಾಟಿ ಹೋದವು.

ಅವಳು ಮುದ್ರೆಯ ಡಬ್ಬಿ ತೆಗೆದು ನೋಡಿದಳು. ಮುದ್ರೆ ಅಲ್ಲೇ ಇತ್ತು. ಎಲೆ ಮಾತ್ರ ಅವಳು ಎಂದೂ ಇಡದ ಹಾಗೆ ತಲೆಕೆಳಗಾಗಿತ್ತು.

ಲಾರಿ ಆಫೀಸಿನ ಕೌಂಟರಿನಲ್ಲಿ ಜನ ಸಾಲುಗಟ್ಟಿದ್ದರು. ಅವಳ ಸರದಿ ಬಂದಾಗ ಗುಮಾಸ್ತ ಆ ಕಾಗದವನ್ನು ಹುಡುಕಿ ಗಾಜಿನ ಕಿಂಡಿಯಲ್ಲಿ ಹಿಡಿದ. ಕೆಳಗೆ ಅವಳ ಹೆಸರು. ಹೆಸರಿನ ಕೊನೆಯ ಅಕ್ಷರಕ್ಕೆ ಅವಳು ಎಳೆಯುವ ಬಾಲವನ್ನು ಸಹ ಬಿಟ್ಟಿರಲಿಲ್ಲ. ಅದನ್ನು ಎಳೆಯಲು ಗಂಡ ಎಷ್ಟು ಸಲ ಬೇರೆ ಕಾಗದದಲ್ಲಿ ಅಭ್ಯಾಸ ಮಾಡಿರಬೇಕು. ಬಾಲದ ತುದಿ ಸ್ವಲ್ಪ ನಡುಗಿತ್ತು. ಪಕ್ಕದಲ್ಲಿ ಎಲೆಯ ಗುರುತು ಅಚ್ಚುಕಟ್ಟಾಗಿ ಬಿದ್ದಿತ್ತು.

"ಯಾಕಮ್ಮಾ, ನಿಮ್ಮ ಸಹಿ ಅಲ್ವಾ?" ಎಂದ ಗುಮಾಸ್ತ, ಅವಳ ಮುಖ ನೋಡಿ. "ಅಲ್ಲ ಅಂದ್ರೆ ಈಗ್ಲೇ ಹೇಳಿ. ಸುಳ್ಳು ಸಹಿ ಅಂದ್ರೆ ಪೊಲೀಸಿಗೆ ಕೊಡ್ಬೇಕಾಗುತ್ತೆ. ಕಂಪನಿಯವ್ರು ಕೊಟ್ಟ ಹಣಾನೂ ವಾಪಸ್ ಕೇಳ್ತಾರೆ. ಮಾಡಿದವ್ರು ಯಾರು ಅಂತ ಗೊತ್ತಾ ನಿಮಗೆ?"

ಹಿಂದಿನವನೊಬ್ಬ, "ಬೇಗ ಅಮ್ಮಾ, ಮೀನು ತಂದಿದ್ದೀನಿ, ಬಿಸಿಲಿಗೆ ನಾರುತ್ತೆ," ಎಂದ. ಒಂದಿಬ್ಬರು ನಕ್ಕರು.

"ನಂದೇ," ಎಂದಳು ಅವಳು. "ನಂದೇ ಸಹಿ. ಸುಮ್ನೆ ನೋಡೋಣ ಅಂತ ಬಂದೆ."

ಮನೆಗೆ ಬಂದಾಗ ಊಟಕ್ಕೆ ತಟ್ಟೆ ಇಟ್ಟಾಗಿತ್ತು. ಕನ್ನಡಿಯವನು ಬಂದು ಹೋದದ್ದು, ಅವಳು ಆಫೀಸಿಗೆ ಹೋದದ್ದು ಎಲ್ಲ ಬೀದಿಯ ಬಾಯಿಂದ ಒಳಗೆ ತಲುಪಿತ್ತು. ಗಂಡ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ಏನಂದೆ ಅಲ್ಲಿ?" ಎಂದರು ಅತ್ತೆ.

"ನಂದೇ ಸಹಿ ಅಂದೆ."

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ಗಂಡ ಬಾಗಿಲು ಹಾಕಿ ಬಂದು ಕೂತ. ಮಾವ, "ಕೈ ತೊಳ್ಕೊಂಡು ಬಾಮ್ಮ, ತಣ್ಣಗಾಗುತ್ತೆ," ಎಂದರು. ಅವಳು ಕೈ ತೊಳೆದು ಬಂದು ಕೂತಳು. ಅತ್ತೆ ಬಡಿಸಿದರು. ತಟ್ಟೆಯಲ್ಲಿ ಮೊಟ್ಟೆ ಮರಳಿ ಬಂದಿತ್ತು. ಕೋಣೆಯಲ್ಲಿ ಚಮಚಗಳ ಸದ್ದು, ಗೋಡೆಯಾಚೆ ಕುಲುಮೆಯ ಸದ್ದು.

"ಮಾವ," ಎಂದಳು ಅವಳು. "ಹೊರಗಿನವ್ರು ಯಾರೂ ಇಲ್ಲ. ಬಾಗ್ಲು ಹಾಕಿದೆ. ಒಂದೇ ಸಲ ಹೇಳಿ, ಸಾಕು. ನಾನು ತುಂಬಿದ್ರಲ್ಲಿ ತಪ್ಪಿತ್ತಾ?"

ಮಾವ ಬಾಯಲ್ಲಿದ್ದದ್ದನ್ನು ಅಗಿದು ನುಂಗಿದರು. ಅವರ ಮುಖದಲ್ಲಿ ಕಳ್ಳತನದ ಸುಳಿವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಬಹಳ ದಿನ ಒಂದೇ ಮಾತನ್ನು ಹೋಟೆಲಿನವರಿಗೆ, ಕಂಪನಿಯವರಿಗೆ, ಬೀದಿಯವರಿಗೆ ಹೇಳಿ ಹೇಳಿ ಅದು ಅವರೊಳಗೆ ಗಟ್ಟಿಯಾಗಿಬಿಟ್ಟಿತ್ತು.

"ಸ್ವಲ್ಪ ಇತ್ತಮ್ಮ," ಎಂದರು, ಪ್ರೀತಿಯಿಂದಲೇ. "ಹುಲ್ಲು ಸಾಲ್ದೇ ಹೋಯ್ತೇನೋ."

"ಅವಸರದಲ್ಲಿ ಯಾರಿಗಾದ್ರೂ ಆಗುತ್ತೆ," ಎಂದರು ಅತ್ತೆ. "ನಾವೇನು ಮನಸಲ್ಲಿಟ್ಕೊಂಡಿಲ್ಲ. ಬಿಡು ಈಗ."

ಅವಳು ಗಂಡನ ಕಡೆ ನೋಡಿದಳು. ಅವನು ಮೊಟ್ಟೆಯನ್ನು ಚಮಚದ ಅಂಚಿನಿಂದ ಸಣ್ಣಗೆ, ಇನ್ನೂ ಸಣ್ಣಗೆ ಕತ್ತರಿಸುತ್ತಿದ್ದ.

ಕಿಡಿ ಒಬ್ಬೊಬ್ಬರ ಮುಖವನ್ನೂ ನೋಡಿ ಮುಗಿಸಿ ಅಮ್ಮನ ಮುಖಕ್ಕೆ ಬಂದಳು. "ಅಮ್ಮಾ, ಹೂಜಿ ಒಡೆದಿದ್ದು ನಿನ್ನಿಂದಾನಾ?"

ಎಲ್ಲರ ಕೈ ತಟ್ಟೆಯ ಮೇಲೆ ನಿಂತಿತು.

"ಅಲ್ಲ," ಎಂದಳು ಸೊಸೆ. "ಅಪ್ಪ ತಣಿಗೂಡನ್ನ ಅರ್ಧಕ್ಕೇ ತೆಗೆದ್ರು. ತಾತ ಚೂರು ನೋಡಿ ತಿಳ್ಕೊಂಡ್ರು. ತಿಳ್ಕೊಂಡು ಕರಗಿಸಿದ್ರು. ನನ್ನ ಹೆಸ್ರಲ್ಲಿ ಸಹಿ ಹಾಕಿದ್ದು ಅಪ್ಪ. ಇದನ್ನ ನೀನು ಬೀದೀಲಿ ಹೇಳ್ಬಾರ್ದು. ಆದ್ರೆ ನಿನಗೆ ಗೊತ್ತಿರ್ಬೇಕು."

"ಊಟದ ಹೊತ್ತಲ್ಲಿ ಮಗು ಹತ್ರ ಏನ್ ಮಾತು ಅದು!" ಎಂದರು ಅತ್ತೆ. ಮಾವ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಕೆಮ್ಮುತ್ತ ಷೆಡ್ಡಿನ ಕಡೆ ನಡೆದರು. ಗಂಡ ಏಳಲೂ ಇಲ್ಲ, ತಿನ್ನಲೂ ಇಲ್ಲ.

"ಹಾಗಾದ್ರೆ ತಾತ ಈಗ ಹೇಳಿದ್ದು ಸುಳ್ಳಾ?" ಎಂದಳು ಕಿಡಿ.

"ಹೂಂ," ಎಂದಳು ಅವಳು. "ಉಪ್ಪು ಕೊಡು ಈ ಕಡೆ."